ಸಿಂಹವನ್ನೂ ಬಚ್ಚಿಡಬೇಡಿ, ಶಿಲುಬೆಯನ್ನೂ ಬಚ್ಚಿಡಬೇಡಿ

ಬಳ್ಳಾರಿಯ ಇಂಗ್ಲಿಷ್ ಮಾಧ್ಯಮದ ಮಕ್ಕಳ ಕೈಗೆ ‘ನಾರ್ನಿಯಾ’ ಸರಣಿಯ ಪುಸ್ತಕಗಳು ಆಗಾಗ ಬರುವುದುಂಟು. ಸಿರುಗುಪ್ಪ, ಕುರುಗೋಡು ಕಡೆಯ ಮಕ್ಕಳಿಗೆ ಪುಸ್ತಕ ಸಿಗದಿದ್ದರೂ 2005ರಲ್ಲಿ ತೆರೆಕಂಡ ಸಿನಿಮಾ ಟೀವಿಯಲ್ಲೋ ಮೊಬೈಲಿನಲ್ಲೋ ಕಣ್ಣಿಗೆ ಬೀಳುತ್ತದೆ. ಹಳೆಯ ಬಟ್ಟೆ ಬೀರುವಿನ ಬಾಗಿಲು ತೆಗೆದು ಒಳಹೊಕ್ಕ ಪುಟ್ಟ ಹುಡುಗಿ ಹಿಮ ಸುರಿಯುವ ಕಾಡಿಗೆ ಕಾಲಿಡುವ ಕಥೆ ಯಾವ ಮಗುವಿಗೆ ಬೇಡ? ಮಾತಾಡುವ ಪ್ರಾಣಿಗಳು, ಜೀವವಿದ್ದವರನ್ನು ಕಲ್ಲು ಮಾಡುವ ಮಾಟಗಾತಿ, ಆ ಲೋಕವನ್ನೆಲ್ಲ ಕಾಯುವ ಅಸ್ಲಾನ್ ಎಂಬ ಸಿಂಹ. ಮಕ್ಕಳು ಮೈಮರೆತು ಕೂತಿರುವಾಗ ದೊಡ್ಡವರೊಬ್ಬರು ಒಂದು ಮಾತು ಹಾಕುತ್ತಾರೆ: “ಅದು ಕ್ರೈಸ್ತರ ಕಥೆ. ಆ ಸಿಂಹ ಅಂದರೆ ಯೇಸು.” ಅಲ್ಲಿಂದ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ.

ಈ ಚರ್ಚೆಯಲ್ಲಿ ಮೂರು ನಿಲುವುಗಳಿವೆ. ಮಕ್ಕಳ ಮನಸ್ಸಿನಲ್ಲಿ ಗೊತ್ತಾಗದಂತೆ ಬೇರೆ ಧರ್ಮ ಬಿತ್ತುವ ಪುಸ್ತಕ ನಮಗೆ ಬೇಡ ಎನ್ನುವವರು ಒಂದು ಕಡೆ. ಕಥೆಯಲ್ಲಿ ಎಲ್ಲಿಯ ಧರ್ಮ, ಮಕ್ಕಳಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ, ಸುಮ್ಮನೆ ಓದಲಿ ಬಿಡಿ ಎನ್ನುವವರು ಇನ್ನೊಂದು ಕಡೆ. ಕೆಲವು ಕ್ರೈಸ್ತ ಮನೆಗಳಲ್ಲಿ ಮೂರನೆಯ ಮಾತು ಕೇಳುತ್ತದೆ. ಮಾಟಮಂತ್ರ ತುಂಬಿದ ಪುಸ್ತಕ ಬೈಬಲಿನ ಬೋಧನೆಗೆ ವಿರುದ್ಧ ಎಂದು ಅವರು ಅದನ್ನು ದೂರ ಇಡುತ್ತಾರೆ. ಮೂವರೂ ಮಕ್ಕಳ ಹಿತ ಬಯಸುವವರೇ. ಆದರೂ ಮೂವರ ಮಾತನ್ನೂ ನಾನು ಒಪ್ಪಲಾರೆ. ಪುಸ್ತಕವನ್ನು ಮಕ್ಕಳಿಗೆ ಕೊಡಬೇಕು, ಅದರೊಳಗಿನ ಧರ್ಮ ಯಾವುದೆಂದು ಬಾಯಿಬಿಟ್ಟು ಹೇಳಿಯೇ ಕೊಡಬೇಕು ಎಂಬುದು ನನ್ನ ವಾದ.

ಏಳು ಪುಸ್ತಕಗಳ ಈ ಸರಣಿ 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಹೊರಬಂತು. ಬರೆದ ಸಿ. ಎಸ್. ಲೂಯಿಸ್ 1898ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು, ಆಕ್ಸ್‌ಫರ್ಡ್‌ನಲ್ಲಿ ಬಹುಕಾಲ ಇಂಗ್ಲಿಷ್ ಸಾಹಿತ್ಯ ಕಲಿಸಿದ ವಿದ್ವಾಂಸರು. ಹದಿಹರೆಯದಲ್ಲಿ ದೇವರ ಮೇಲಿನ ನಂಬಿಕೆ ಕಳೆದುಕೊಂಡಿದ್ದ ಅವರು 1931ರಲ್ಲಿ ಮತ್ತೆ ಕ್ರೈಸ್ತ ನಂಬಿಕೆಗೆ ಮರಳಿದರು. ಆ ಮರಳುವಿಕೆಯಲ್ಲಿ ಕಥೆಗಳ ಪಾಲು ದೊಡ್ಡದು. ಉತ್ತರ ಯುರೋಪಿನ ಹಳೆಯ ದೇವತೆಗಳ ಪುರಾಣಗಳಿಗೆ ಲೂಯಿಸ್ ಎಳವೆಯಿಂದಲೇ ಮನಸೋತಿದ್ದರು. ಆ ಕಥೆಗಳು ನಿನ್ನನ್ನು ಅಷ್ಟು ತಟ್ಟುವುದಾದರೆ ಕ್ರಿಸ್ತನ ಕಥೆಯನ್ನೂ ಅದೇ ಮನಸ್ಸಿನಿಂದ ಓದಿ ನೋಡು, ಇದು ನಿಜವಾಗಿ ನಡೆದ ಪುರಾಣ ಎಂದು ಗೆಳೆಯ ಟಾಲ್ಕಿನ್ ಅವರೊಡನೆ ವಾದಿಸಿದ್ದರು. ಕಥೆಯಿಂದ ಮನುಷ್ಯ ಬದಲಾಗುವುದಿಲ್ಲ ಎನ್ನುವವರಿಗೆ ಈ ಲೇಖಕರ ಬದುಕೇ ಉತ್ತರ.

ಆತಂಕಪಡುವವರ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತನ್ನು ಲೂಯಿಸ್ ಅವರೇ ಹೇಳಿಕೊಂಡಿದ್ದಾರೆ. 1956ರ ಒಂದು ಪ್ರಬಂಧದಲ್ಲಿ ಅವರು ನಾರ್ನಿಯಾ ಹುಟ್ಟಿದ ಬಗೆಯನ್ನು ವಿವರಿಸುತ್ತಾರೆ. ಮೊದಲು ಮನಸ್ಸಿಗೆ ಬಂದದ್ದು ಬರೀ ಚಿತ್ರಗಳು: ಕೊಡೆ ಹಿಡಿದು ನಡೆಯುವ, ಮೇಕೆಯ ಕಾಲುಗಳುಳ್ಳ ಒಂದು ಜೀವಿ, ಹಿಮದ ಬಂಡಿಯಲ್ಲಿ ಕೂತ ರಾಣಿ, ಒಂದು ಭವ್ಯ ಸಿಂಹ. ಅವುಗಳಲ್ಲಿ ಕ್ರೈಸ್ತವಾದದ್ದೇನೂ ಇರಲಿಲ್ಲ, ಅದು ಆಮೇಲೆ ತಾನಾಗಿ ಬಂದು ಸೇರಿತು. ಬಂದ ಮೇಲೆ ಅವರಿಗೆ ಒಂದು ವಿಷಯ ಹೊಳೆಯಿತು. ದೇವರನ್ನು ಪ್ರೀತಿಸಲೇಬೇಕು ಎಂಬ ಕಟ್ಟಪ್ಪಣೆಯೇ ಬಾಲ್ಯದಲ್ಲಿ ತಮ್ಮ ಪ್ರೀತಿಯನ್ನು ಒಣಗಿಸಿತ್ತು. ಅದೇ ವಿಷಯ ಬೇರೊಂದು ಲೋಕದ ಕಥೆಯಾಗಿ ಬಂದರೆ ಮನಸ್ಸಿನ ಕಾವಲನ್ನು ದಾಟಿ ಒಳಗೆ ಹೋಗಬಹುದು ಎಂದು ಅವರಿಗೆ ಅನ್ನಿಸಿತು. ಸರಣಿಯ ಮೂರನೆಯ ಪುಸ್ತಕದ ಕೊನೆಯಲ್ಲಿ ಅಸ್ಲಾನ್ ಮಕ್ಕಳಿಗೆ, ನಿಮ್ಮ ಲೋಕದಲ್ಲಿ ನನಗೆ ಬೇರೊಂದು ಹೆಸರಿದೆ, ಅಲ್ಲಿ ಆ ಹೆಸರಿನಿಂದ ನನ್ನನ್ನು ತಿಳಿಯಿರಿ ಎಂಬರ್ಥದ ಮಾತನ್ನೂ ಹೇಳುತ್ತಾನೆ. ಇಷ್ಟಾದ ಮೇಲೆ “ಅದರಲ್ಲಿ ಧರ್ಮವೇ ಇಲ್ಲ” ಎನ್ನುವುದು ಪುಸ್ತಕಕ್ಕೂ ಲೇಖಕರಿಗೂ ಮಾಡುವ ಅನ್ಯಾಯ.

ಹಾಗಾದರೆ ಆತಂಕದ ಪಕ್ಷವೇ ಗೆದ್ದಿತೇ? ಬಳ್ಳಾರಿಯ ಇತಿಹಾಸ ಬಲ್ಲವರು ಹಾಗೆ ಒಮ್ಮೆಲೇ ತೀರ್ಮಾನಿಸಲಾರರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಈ ಊರಿಗೆ ಬಂದರು. ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. 1830ರ ದಶಕದ ಆರಂಭದ ಹೊತ್ತಿಗೆ ಅದು ಪೂರ್ತಿಯಾಗಿ ಅಚ್ಚಾಗಿತ್ತು. ಇಲ್ಲೇ ದುಡಿದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಅದೇ ಮಿಷನ್ನಿನ ವಾರ್ಡ್ಲಾ ಶಾಲೆ 19ನೇ ಶತಮಾನದಿಂದ ಈ ಊರಿನ ಮಕ್ಕಳಿಗೆ ಪಾಠ ಹೇಳಿದೆ. ಈ ಮಿಷನರಿಗಳ ಉದ್ದೇಶ ಏನೆಂಬುದು ಗುಟ್ಟಾಗಿರಲಿಲ್ಲ. ಜನ ಕ್ರಿಸ್ತನನ್ನು ನಂಬಲಿ ಎಂದೇ ಅವರು ಸಮುದ್ರ ದಾಟಿ ಬಂದಿದ್ದರು, ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದರು. ಬಳ್ಳಾರಿಯ ಜನ ಅದನ್ನು ತಿಳಿದೇ ಮಕ್ಕಳನ್ನು ಅಲ್ಲಿಗೆ ಕಳಿಸಿದರು. ಮಕ್ಕಳು ಅಕ್ಷರ ಕಲಿತರು, ಇಂಗ್ಲಿಷ್ ಕಲಿತರು, ಬೈಬಲಿನ ಕಥೆ ಕೇಳಿದರು, ಸಂಜೆ ಮನೆಗೆ ಬಂದು ದೇವರ ಮನೆಯ ದೀಪಕ್ಕೆ ಕೈಮುಗಿದರು. ಎರಡು ಶತಮಾನ ಕಳೆದರೂ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ತೀರ ಸಣ್ಣದು. ಹಾಗೆಂದು ಅಲ್ಲಿ ಮತಾಂತರ ನಡೆಯಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಂಬಿ ಹೋದವರೂ ಇದ್ದರು, ಅವರ ಮೊಮ್ಮಕ್ಕಳು ಇಂದು ನಮ್ಮ ಅಕ್ಕಪಕ್ಕದವರು. ನನ್ನ ಮಾತಿಷ್ಟೇ: ಕಥೆಯನ್ನೂ ಅದರ ಹಿಂದಿನ ಉದ್ದೇಶವನ್ನೂ ಒಟ್ಟಿಗೆ ಬಲ್ಲ ಜನ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕು. ಕಥೆಯ ಮೂಲಕ ಭಕ್ತಿ ದಾಟಿಸುವುದು ಲೂಯಿಸ್ ಕಂಡುಹಿಡಿದ ಉಪಾಯವೇ? ನಮ್ಮ ಸೀಮೆಯ ಬಯಲಾಟ, ಬುರ್ರಕಥೆ, ತೊಗಲುಗೊಂಬೆಯಾಟ ಮಾಡುತ್ತ ಬಂದದ್ದಾದರೂ ಏನು? ತೊಗಲುಗೊಂಬೆಯ ಪರದೆಯ ಮುಂದೆ ಕೂತ ಮಗುವನ್ನು ನೆನೆದುಕೊಳ್ಳಿ. ಬಿಳಿ ಪರದೆಯ ಹಿಂದೆ ದೀಪ ಹೊತ್ತುತ್ತದೆ. ಹದಮಾಡಿದ ತೊಗಲು ಬೆಳಕಿಗೆ ಕೆಂಪು, ಹಸಿರಾಗಿ ಹೊಳೆಯುತ್ತದೆ. ಮೊದಲು ಗಣಪತಿ ಬಂದು ಪೂಜೆ ಪಡೆಯುತ್ತಾನೆ. ನಡುನಡುವೆ ಕಿಳ್ಳೆಕ್ಯಾತ, ಬಂಗಾರಕ್ಕ ಬಂದು ಜಗಳಾಡಿ ನಗಿಸುತ್ತಾರೆ. ಆಮೇಲೆ ಪರದೆಯ ಅರ್ಧವನ್ನೇ ತುಂಬುವ ರಾವಣ ಏಳುತ್ತಾನೆ. ಮಳೆ ಬರಲಿ, ದನಕರುಗಳಿಗೆ ರೋಗ ಬಾರದಿರಲಿ ಎಂದು ಊರವರು ಹರಕೆ ಹೊತ್ತು ಆಡಿಸುತ್ತಿದ್ದ ಆಟ ಇದು. ಇದೇ ಕಲೆಯಲ್ಲಿ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಬದುಕನ್ನೂ ತೋರಿಸಿದರು. ಆ ಪರದೆಯ ಮುಂದೆ ಮುಸ್ಲಿಂ ಮನೆಯ ಮಗು, ಕ್ರೈಸ್ತ ಮನೆಯ ಮಗು ಕೂತಿದ್ದರೆ ಅದನ್ನು ಯಾರೂ ಮತಾಂತರ ಎನ್ನುವುದಿಲ್ಲ, ಎನ್ನಲೂಬಾರದು. ಶಾಲೆಯ ಕನ್ನಡ ಪಾಠಗಳಲ್ಲಿ ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಆ ಮಕ್ಕಳು ಓದುತ್ತಾರೆ, ಓದಿ ಚೆನ್ನಾಗಿ ಉತ್ತರ ಬರೆಯುತ್ತಾರೆ. ನಮ್ಮ ಕಥೆ ಅವರ ಮಕ್ಕಳಿಗೆ ಸಂಸ್ಕೃತಿ, ಅವರ ಕಥೆ ನಮ್ಮ ಮಕ್ಕಳಿಗೆ ಅಪಾಯ ಎಂಬ ಎರಡು ಅಳತೆ ನ್ಯಾಯವಾಗುವುದಿಲ್ಲ.

ಮಾಟಗಾತಿಯ ಬಗ್ಗೆ ಹೆದರುವವರಿಗೂ ಇದೇ ಮಾತು. ಬುರ್ರಕಥೆಯ ಬಾಲನಾಗಮ್ಮನನ್ನು ಮಾಂತ್ರಿಕನೊಬ್ಬ ನಾಯಿ ಮಾಡಿ ಹೊತ್ತೊಯ್ಯುತ್ತಾನೆ. ಅವಳ ಮಗ ಬೆಳೆದು ದೊಡ್ಡವನಾಗಿ, ಸಮುದ್ರಗಳಾಚೆ ಗಿಳಿಯೊಂದರಲ್ಲಿ ಅಡಗಿದ್ದ ಅವನ ಪ್ರಾಣವನ್ನು ಹುಡುಕಿ ತಾಯಿಯನ್ನು ಬಿಡಿಸುತ್ತಾನೆ. ಆ ಕಥೆ ಕೇಳಿ ಬೆಳೆದ ನಮ್ಮ ಅಜ್ಜಿಯರು ಮಾಟ ಕಲಿಯಲು ಹೋಗಲಿಲ್ಲ. ಕೆಟ್ಟದ್ದರ ಪ್ರಾಣವೂ ಎಲ್ಲೋ ಒಂದು ಕಡೆ ಇರುತ್ತದೆ, ಧೈರ್ಯವಿದ್ದವರಿಗೆ ಅದು ಸಿಕ್ಕೇ ಸಿಗುತ್ತದೆ ಎಂಬುದನ್ನು ಕಲಿತರು. ಲೂಯಿಸ್ ಗಟ್ಟಿ ಕ್ರೈಸ್ತರಾಗಿದ್ದೂ ಗ್ರೀಕ್, ರೋಮನ್ ಪುರಾಣಗಳ ದೇವತೆಗಳನ್ನು ತಮ್ಮ ನಾರ್ನಿಯಾಕ್ಕೆ ಧಾರಾಳವಾಗಿ ಕರೆತಂದರು. ಹೀಗೆ ಕಂಡಕಂಡ ಪುರಾಣಗಳನ್ನು ಬೆರೆಸಿದ್ದು ಟಾಲ್ಕಿನ್ ಅವರಿಗೆ ಹಿಡಿಸಲಿಲ್ಲ. ಬೇರೆಯವರ ಪುರಾಣದಿಂದ ತಮ್ಮ ನಂಬಿಕೆ ಕೆಡುತ್ತದೆ ಎಂಬ ಭಯ ಮಾತ್ರ ಲೂಯಿಸ್ ಅವರಿಗೆ ಇರಲಿಲ್ಲ. ಆ ಮಟ್ಟಿಗೆ ಅವರನ್ನು ಮೆಚ್ಚಲೇಬೇಕು.

ಧರ್ಮದ ವಿಷಯ ಮಗುವಿಗೆ ತಿಳಿಯುವುದೇ ಇಲ್ಲ ಎನ್ನುವವರು ನಮ್ಮ ಮಕ್ಕಳ ಬುದ್ಧಿಯನ್ನು ಕಡಿಮೆ ಅಂದಾಜು ಮಾಡುತ್ತಾರೆ. ಕುರುಗೋಡಿನ ಮಗು ದೊಡ್ಡಬಸವೇಶ್ವರನ ಗುಡಿಯಲ್ಲಿ ಒಂದೇ ಕಲ್ಲಿನ ಬೃಹತ್ ಬಸವನಿಗೆ ಕೈಮುಗಿದು ಬೆಳೆಯುತ್ತದೆ. ಶಾಲೆಯ ಪ್ರವಾಸಕ್ಕೆ ಹಂಪಿಗೆ ಹೋದರೆ, ಕೃಷ್ಣದೇವರಾಯನ ಕಾಲದಲ್ಲಿ 1528ರಲ್ಲಿ ಕಡೆದ ಉಗ್ರನರಸಿಂಹನ ಮುಂದೆ ಕತ್ತೆತ್ತಿ ನಿಲ್ಲುತ್ತದೆ. ಪ್ರಾಣಿಯ ರೂಪದಲ್ಲಿ ದೇವರು ಬರಬಹುದು ಎಂಬುದು ಆ ಮಗುವಿಗೆ ಹೊಸದೇನೂ ಅಲ್ಲ. ಅಸ್ಲಾನ್ ಯೇಸುವಿಗೆ ಹೊದಿಸಿದ ವೇಷ ಎಂಬ ಮಾತನ್ನು ಲೂಯಿಸ್ ಒಪ್ಪುತ್ತಿರಲಿಲ್ಲ. ನಾರ್ನಿಯಾದಂಥ ಲೋಕವೊಂದು ಇದ್ದು, ದೇವರ ಮಗ ಇಲ್ಲಿ ಮನುಷ್ಯನಾದಂತೆ ಅಲ್ಲಿ ಸಿಂಹವಾಗಿದ್ದರೆ ಏನಾಗುತ್ತಿತ್ತು ಎಂಬ ಊಹೆ ಅದು ಎಂದು ಅವರು ಮಕ್ಕಳಿಗೆ ಬರೆದ ಪತ್ರದಲ್ಲಿ ವಿವರಿಸಿದ್ದರು. ಅವತಾರಗಳ ಕಥೆ ಕೇಳಿ ಬೆಳೆದ ಮಗುವಿಗೆ ಈ ಊಹೆ ಲಂಡನ್ನಿನ ಮಗುವಿಗಿಂತ ಬೇಗ ಅರ್ಥವಾಗುತ್ತದೆ. ನಾವು ಹೇಳಲಿ ಬಿಡಲಿ, ಅದು ಗುರುತಿಸಿಯೇ ಗುರುತಿಸುತ್ತದೆ. ಆಗ ನಾವು ಸುಮ್ಮನಿದ್ದರೆ, ಅಪ್ಪ ಅವ್ವ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ಮಾತ್ರ ಅದಕ್ಕೆ ತಿಳಿಯುತ್ತದೆ.

ಬಾಯಿಬಿಟ್ಟು ಮಾತಾಡಿದರೆ ಏನು ಸಿಗುತ್ತದೆ ಎಂಬುದಕ್ಕೆ ಮೊದಲ ಪುಸ್ತಕದ ನಡುವಿನ ಘಟನೆಯನ್ನೇ ತೆಗೆದುಕೊಳ್ಳೋಣ. ನಾಲ್ವರು ಅಣ್ಣತಮ್ಮ ಅಕ್ಕತಂಗಿಯರಲ್ಲಿ ಎಡ್ಮಂಡ್ ಎಂಬ ಹುಡುಗ ಮಾಟಗಾತಿ ಕೊಟ್ಟ ಮಿಠಾಯಿಯ ಆಸೆಗೆ ಬಿದ್ದು ಒಡಹುಟ್ಟಿದವರಿಗೇ ದ್ರೋಹ ಮಾಡುತ್ತಾನೆ. ದ್ರೋಹಿಯ ಪ್ರಾಣ ಮಾಟಗಾತಿಗೆ ಸೇರಬೇಕೆಂಬುದು ಆ ಲೋಕದ ಹಳೆಯ ಕಟ್ಟಳೆ. ಹುಡುಗನ ಬದಲು ಅಸ್ಲಾನ್ ತನ್ನನ್ನೇ ಒಪ್ಪಿಸಿಕೊಳ್ಳುತ್ತಾನೆ. ರಾತ್ರಿ ಅವನು ತಲೆತಗ್ಗಿಸಿ ನಡೆಯುವಾಗ ಇಬ್ಬರು ಹುಡುಗಿಯರು ಅವನ ಕೇಸರದ ಮೇಲೆ ಕೈಯಿಟ್ಟು ಜೊತೆಗೆ ಹೋಗುತ್ತಾರೆ. ಶತ್ರುಗಳು ಅವನ ಕೇಸರ ಬೋಳಿಸಿ, ಬಾಯಿ ಬಿಗಿದು, ಹಗ್ಗ ಬಿಗಿದು ಕಲ್ಲಿನ ಹಾಸಿನ ಮೇಲೆ ಕೊಲ್ಲುತ್ತಾರೆ. ನಸುಕಿನಲ್ಲಿ ಸಣ್ಣ ಇಲಿಗಳು ಬಂದು, ಸತ್ತ ಸಿಂಹದ ಮೈಮೇಲಿನ ಹಗ್ಗಗಳನ್ನು ಒಂದೊಂದಾಗಿ ಕಡಿಯುತ್ತವೆ. ಆಮೇಲೆ ಕಲ್ಲು ಎರಡಾಗಿ ಸೀಳುತ್ತದೆ, ಅಸ್ಲಾನ್ ಎದ್ದು ಬರುತ್ತಾನೆ.

ಇದನ್ನು ಓದಿದ ಸಿರುಗುಪ್ಪದ ಹುಡುಗಿ ಕೇಳಬಹುದಾದ ಪ್ರಶ್ನೆ ಒಂದೇ: “ಅವ್ವಾ, ತಪ್ಪು ಮಾಡಿದವ ಎಡ್ಮಂಡ್. ಸಿಂಹ ಯಾಕೆ ಸಾಯಬೇಕು?” ಕ್ರೈಸ್ತ ಧರ್ಮದ ತಿರುಳು ಇರುವುದು ಈ ಪ್ರಶ್ನೆಯಲ್ಲೇ. ಇನ್ನೊಬ್ಬರ ತಪ್ಪಿನ ಸಾಲವನ್ನು ತಪ್ಪಿಲ್ಲದವನು ತೀರಿಸಬಹುದೇ? ನಮ್ಮ ಮಗು ಈ ಪ್ರಶ್ನೆಗೆ ಬರಿಗೈಯಲ್ಲಿ ಬರುವುದಿಲ್ಲ. ಅದಕ್ಕೆ ಪುಣ್ಯಕೋಟಿ ಗೊತ್ತು. ಪುಣ್ಯಕೋಟಿಯೂ ತಾನಾಗಿ ಸಾವಿನ ಬಾಯಿಗೆ ನಡೆದವಳು. ಆದರೆ ಅವಳು ಹೋದದ್ದು ತಾನು ಕೊಟ್ಟ ಮಾತು ಉಳಿಸಲು. ಅಸ್ಲಾನ್ ಹೋದದ್ದು ಇನ್ನೊಬ್ಬ ಮುರಿದ ನಂಬಿಕೆಯ ಬೆಲೆ ತೆರಲು. ಅಲ್ಲಿ ಸತ್ಯದ ಎದುರು ಹುಲಿಯ ಮನಸ್ಸು ಕರಗಿ, ಹುಲಿಯೇ ಪ್ರಾಣ ಬಿಡುತ್ತದೆ. ಇಲ್ಲಿ ಮಾಟಗಾತಿಯ ಮನಸ್ಸು ಕರಗುವುದಿಲ್ಲ, ಸತ್ತವನೇ ಎದ್ದು ಬರಬೇಕಾಗುತ್ತದೆ. ಒಂದು ಕಥೆ ಸತ್ಯಕ್ಕೆ ಶತ್ರುವನ್ನೂ ಬದಲಿಸುವ ಶಕ್ತಿಯಿದೆ ಎನ್ನುತ್ತದೆ, ಇನ್ನೊಂದು ಪ್ರೀತಿಗೆ ಸಾವನ್ನು ಗೆಲ್ಲುವ ಶಕ್ತಿಯಿದೆ ಎನ್ನುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಮಾತಾಡಿದ ಮಗುವಿಗೆ ಎರಡು ಧರ್ಮಗಳ ಬಗ್ಗೆ ಯಾವ ಉಪನ್ಯಾಸವೂ ಕೊಡಲಾರದ ತಿಳಿವಳಿಕೆ ಸಿಗುತ್ತದೆ. ತನ್ನ ಕಥೆಯನ್ನು ಅದು ಬಿಟ್ಟುಕೊಡುವುದಿಲ್ಲ, ಇನ್ನಷ್ಟು ಆಳವಾಗಿ ನೋಡುತ್ತದೆ.

ಕನ್ನಡಕ್ಕೆ ಇದು ಹೊಸ ದಾರಿಯೂ ಅಲ್ಲ. ಗಡಿನಾಡು ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಬರೆದರು, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಾಗಿ ಬರೆದರು. ಅವರು ಕ್ರೈಸ್ತರೂ ಆಗಲಿಲ್ಲ, ಬೌದ್ಧರೂ ಆಗಲಿಲ್ಲ. ಕನ್ನಡದ ರಾಷ್ಟ್ರಕವಿ ಶಿಲುಬೆಯ ಬುಡದಲ್ಲಿ ನಿಂತು ಕಾವ್ಯ ಬರೆಯಬಹುದಾದರೆ, ಬಳ್ಳಾರಿಯ ಐದನೇ ತರಗತಿಯ ಹುಡುಗ ಸಿಂಹದ ಕಥೆ ಓದಬಹುದು.

ಹಾಗಾದರೆ ಈ ಪುಸ್ತಕಗಳಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲವೇ? ಇದೆ, ಆದರೆ ನಾವು ಹುಡುಕುವ ಜಾಗದಲ್ಲಿಲ್ಲ. ನಾರ್ನಿಯಾದ ದಕ್ಷಿಣಕ್ಕೆ ಕ್ಯಾಲೊರ್ಮೆನ್ ಎಂಬ ದೇಶವಿದೆ. ಅಲ್ಲಿಯ ಜನ ಕಪ್ಪು ಬಣ್ಣದವರು, ಪೇಟ ಸುತ್ತಿದವರು, ಬಾಗಿದ ಕತ್ತಿ ಹಿಡಿದವರು, ಗುಲಾಮರನ್ನು ಮಾರುವವರು. ಅವರ ದೇವರು ತಾಶ್‌ಗೆ ಹಕ್ಕಿಯ ತಲೆ, ನಾಲ್ಕು ಕೈ. ಅವನು ನರಬಲಿ ಬೇಡುವ ದೆವ್ವ. ನಾಲ್ಕು ಕೈಯ ದೇವರನ್ನು ದಿನವೂ ಪೂಜಿಸುವ ಮನೆಯ ಮಗುವಿಗೆ, ಪೇಟ ಸುತ್ತಿದ ಅಜ್ಜನ ತೊಡೆಯ ಮೇಲೆ ಬೆಳೆದ ಮಗುವಿಗೆ ಇದು ನೋಯಿಸಬೇಕಾದ ಚಿತ್ರ. ಪೂರ್ವದೇಶಗಳ ಬಗ್ಗೆ ಆ ಕಾಲದ ಇಂಗ್ಲೆಂಡಿನಲ್ಲಿ ಹರಡಿದ್ದ ತಾತ್ಸಾರವನ್ನು ಲೂಯಿಸ್ ಪರೀಕ್ಷಿಸದೆ ಎತ್ತಿಕೊಂಡರು. ಕೊನೆಯ ಪುಸ್ತಕದಲ್ಲಿ ಸೂಸನ್ ಎಂಬ ಹುಡುಗಿಯನ್ನು, ಅವಳಿಗೆ ಲಿಪ್‌ಸ್ಟಿಕ್, ಪಾರ್ಟಿಗಳ ಮೇಲೆ ಮನಸ್ಸು ಹೋಯಿತೆಂದು ನಾರ್ನಿಯಾದಿಂದ ದೂರ ಉಳಿಸಿದ್ದನ್ನೂ ನಾನು ಒಪ್ಪಲಾರೆ. ಇಂಗ್ಲೆಂಡಿನ ಮಕ್ಕಳ ಲೇಖಕ ಫಿಲಿಪ್ ಪುಲ್‌ಮನ್ ಈ ಬಗ್ಗೆ ಕಟುವಾಗಿಯೇ ಬರೆದಿದ್ದಾರೆ.

ಆದರೂ ಪೂರ್ತಿ ಓದಿದವರಿಗೆ ಅದೇ ಪುಸ್ತಕಗಳಲ್ಲಿ ಇನ್ನೊಂದು ಮುಖವೂ ಸಿಗುತ್ತದೆ. ಕ್ಯಾಲೊರ್ಮೆನ್ ದೇಶದ ಅರಾವಿಸ್ ಎಂಬ ಹುಡುಗಿ, ಮುದುಕನಿಗೆ ಮದುವೆ ಮಾಡಿಕೊಡಲು ಹೊರಟ ಮನೆಯಿಂದ ಕುದುರೆ ಏರಿ ತಪ್ಪಿಸಿಕೊಳ್ಳುತ್ತಾಳೆ. ಆ ಪುಸ್ತಕದ ಧೈರ್ಯವಂತೆ ಅವಳೇ. ಬಾಲ್ಯವಿವಾಹದ ಸುದ್ದಿ ಇನ್ನೂ ನಿಲ್ಲದ ನಮ್ಮ ಕಡೆಯ ಹೆಣ್ಣುಮಕ್ಕಳು ಅವಳನ್ನು ಅರಿಯುವುದು ಒಳ್ಳೆಯದು. ಕೊನೆಯ ಪುಸ್ತಕದಲ್ಲಿ ಎಮೆತ್ ಎಂಬ ಯೋಧ ಬರುತ್ತಾನೆ. ಬದುಕಿಡೀ ತಾಶ್‌ನನ್ನೇ ಪ್ರಾಮಾಣಿಕವಾಗಿ ಪೂಜಿಸಿದವನು. ಅಸ್ಲಾನ್ ಅವನನ್ನು ದೂರ ಮಾಡುವುದಿಲ್ಲ. ಒಳ್ಳೆಯ ಮನಸ್ಸಿನಿಂದ ನೀನು ಮಾಡಿದ ಸೇವೆಯೆಲ್ಲ ನನಗೇ ಸಂದಿದೆ ಎಂದು ಬರಮಾಡಿಕೊಳ್ಳುತ್ತಾನೆ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಬೇರೆ ದೇವತೆಗಳನ್ನು ಶ್ರದ್ಧೆಯಿಂದ ಪೂಜಿಸುವವರ ಬಗ್ಗೆ ಕೃಷ್ಣ ಆಡುವ ಮಾತನ್ನು ಬಲ್ಲವರಿಗೆ ಇದು ಹತ್ತಿರದ್ದೆನಿಸುತ್ತದೆ. ಎರಡರಲ್ಲೂ ಔದಾರ್ಯವಿದೆ, ಎಲ್ಲರ ಪೂಜೆಯೂ ಕೊನೆಗೆ ನನ್ನದೇ ಎಂಬ ಹಕ್ಕುಸಾಧನೆಯೂ ಇದೆ. ಆ ಔದಾರ್ಯ ಎಷ್ಟು, ಆ ಹಕ್ಕು ಎಷ್ಟು ಎಂದು ಹೈಸ್ಕೂಲು ಮಗುವಿನೊಡನೆ ಕೂತು ಚರ್ಚಿಸಿ. ಧರ್ಮಗಳ ನಡುವಿನ ಸೌಹಾರ್ದದ ಬಗ್ಗೆ ವೇದಿಕೆಯ ಮೇಲೆ ಕೇಳುವ ಎಷ್ಟೋ ಭಾಷಣಗಳಿಗಿಂತ ಅದು ಪ್ರಾಮಾಣಿಕವಾದ ಮಾತುಕತೆಯಾಗುತ್ತದೆ.

ಕಥೆ ಕಾವಲು ದಾಟಿ ಒಳಗೆ ಹೋಗುತ್ತದೆ ಎಂದು ಲೂಯಿಸ್ ಹೇಳಿದ್ದು ನಿಜ. ನಾರ್ನಿಯಾ ಮಾತ್ರವಲ್ಲ, ನಮ್ಮ ಪುರಾಣ, ಸಿನಿಮಾ, ಜಾಹೀರಾತು ಎಲ್ಲವೂ ಹಾಗೆಯೇ ಒಳಗೆ ಹೋಗುತ್ತವೆ. ಅವುಗಳನ್ನೆಲ್ಲ ತಡೆಯುವ ಬೀಗ ಯಾವ ತಂದೆತಾಯಿಯ ಬಳಿಯೂ ಇಲ್ಲ. ಮಗುವಿನ ಪಕ್ಕದಲ್ಲಿ ಕೂತು ಇದು ಇಂಥವರ ನಂಬಿಕೆ, ನಮ್ಮ ನಂಬಿಕೆ ಹೀಗೆ, ನಿನಗೇನನ್ನಿಸಿತು ಎಂದು ಕೇಳುವ ದೊಡ್ಡವರು ಇದ್ದರೆ ಬೀಗದ ಅಗತ್ಯವೂ ಬೀಳುವುದಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು ಆಡಿಕೊಂಡು ಬೆಳೆಯುವ ಬಳ್ಳಾರಿ ಸೀಮೆಯ ಮಕ್ಕಳಿಗೆ ಬೇರೆಯವರದನ್ನು ಅರಿತೂ ತಮ್ಮತನ ಉಳಿಸಿಕೊಳ್ಳುವುದು ಹುಟ್ಟಿನಿಂದ ಬಂದ ರೂಢಿ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಪುಸ್ತಕ ತಂದುಕೊಡುವಾಗ ಇದು ಕ್ರೈಸ್ತ ನಂಬಿಕೆಯ ಲೇಖಕರು ಬರೆದ ಕಥೆ ಎಂದು ಮಗುವಿಗೆ ಮೊದಲೇ ಹೇಳಿ. ಇಂಗ್ಲಿಷ್ ಓದಲು ಬಾರದ ಮಕ್ಕಳಿಗೆ ಕಥೆಯನ್ನು ಕನ್ನಡದಲ್ಲಿ ಬಾಯಿಮಾತಿನಲ್ಲೇ ಹೇಳಿ. ಕುರುಗೋಡು, ಸಿರುಗುಪ್ಪ ತಾಲ್ಲೂಕಿನ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಲ್ಲಿ ಒಂದು ವಾರ ಪುಣ್ಯಕೋಟಿ, ಮುಂದಿನ ವಾರ ಅಸ್ಲಾನ್ ಎಂದು ಓದಿಸಬಹುದು. ಕ್ಯಾಲೊರ್ಮೆನ್ ಜನರ ಪುಟಗಳು ಬಂದಾಗ ಇದು ತಪ್ಪು ಎಂದು ಸ್ಪಷ್ಟವಾಗಿ ಹೇಳಿ, ಯಾಕೆ ತಪ್ಪು ಎಂಬುದನ್ನೂ ಹೇಳಿ. ಇಷ್ಟು ಮಾಡಿದ ಮನೆಯ ಮಗು ಯಾವ ಧರ್ಮದ ಕಥೆಯನ್ನೂ ಹೆದರದೆ ಓದುತ್ತದೆ, ಯಾವ ಧರ್ಮದವರನ್ನೂ ಹೀಗಳೆಯದೆ ಬೆಳೆಯುತ್ತದೆ. ಪುಸ್ತಕವನ್ನು ಕಪಾಟಿನ ಮೇಲಿಂದ ಇಳಿಸಿ ಮಗುವಿನ ಕೈಗೆ ಕೊಡಿ, ಕೊಟ್ಟ ಮೇಲೆ ಅದರ ಜೊತೆ ನೀವೂ ಓದಿ.